ಬೇಟೆಗಾರರೇ ಒಲ್ಲೆನೆಂದ ಬೇಟೆಗಳು: ನಿಮ್ಮ ಮನೆಯ ಹಿರಿಯರು ಯಾವುದನ್ನು ಬಿಟ್ಟಿದ್ದರು?

ಒಂಟಿಕೊಪ್ಪಲಿನವ, ಮೈಸೂರು
ನಮ್ಮ ತಾತ ಹುಣಸೂರಿನ ಮರದ ಡಿಪೋವೊಂದರಲ್ಲಿ ಗುಮಾಸ್ತರಾಗಿದ್ದರು. ಅವರ ಬಳಿ ಪರವಾನಗಿಯಿದ್ದ ಜೋಡುನಳಿಗೆಯ ಕೋವಿಯಿತ್ತು. ಅವರು ತೀರಿಕೊಂಡ ಮೇಲೆ ಅಪ್ಪ ಅದನ್ನು ಠಾಣೆಗೆ ಒಪ್ಪಿಸಿದರು. ಹೋದ ತಿಂಗಳು ಅಟ್ಟದ ಮೇಲಿನ ಟ್ರಂಕು ಇಳಿಸಿದಾಗ ತಾತನ ಬೇಟೆಯ ಪುಸ್ತಕ ಸಿಕ್ಕಿತು. 1958ರಿಂದ 1970ರವರೆಗಿನ ಲೆಕ್ಕ ಅದರಲ್ಲಿದೆ. ತಾರೀಖು, ಜಾಗ, ಪ್ರಾಣಿ ಬರೆದು ಕೊನೆಯಲ್ಲಿ ಒಂದೇ ಪದದ ಷರಾ ಹಾಕಿದ್ದಾರೆ: ‘ಹೊಡೆದೆ’, ‘ಬಿಟ್ಟೆ’ ಅಥವಾ ‘ಸಿಕ್ಕಲಿಲ್ಲ’. ಎಣಿಸಿ ನೋಡಿದಾಗ ‘ಹೊಡೆದೆ’ 38 ಕಡೆ, ‘ಬಿಟ್ಟೆ’ 61 ಕಡೆ ಇತ್ತು. ‘ಸಿಕ್ಕಲಿಲ್ಲ’ ಎಂಬುದು ಕೆಲವೇ ಕಡೆ ಇದ್ದು, ಅಷ್ಟನ್ನೂ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ.

ಪುಸ್ತಕದ ಒಳರಟ್ಟಿನಲ್ಲಿ ಇನ್ನೂ ಮೂರು ಸಾಲುಗಳಿವೆ. ‘ಸೌಳಿನ ಜಾಗದಲ್ಲಿ ಕೂರುವುದಿಲ್ಲ. ರಾತ್ರಿ ದೀಪ ಕಟ್ಟುವುದಿಲ್ಲ. ಕೆರೆಯ ಹಕ್ಕಿ ಬೇಡ.’ ಸೌಳೆಂದರೆ ಪ್ರಾಣಿಗಳು ನೆಕ್ಕಲು ಬರುವ ಉಪ್ಪುಮಣ್ಣು, ದೀಪ ಕಟ್ಟುವುದೆಂದರೆ ದೀಪದ ಬೆಳಕಿನಲ್ಲಿ ಬೇಟೆಯಾಡುವುದು. ಕಾಡುಹಂದಿಯನ್ನೂ ಕಡವೆಯನ್ನೂ ಹೊಡೆಯಲು ಹಿಂಜರಿಯದ ಮನುಷ್ಯ ಈ ಮೂರನ್ನು ಮಾತ್ರ ಏಕೆ ಬೇಡವೆಂದರು ಎಂದು ಮನೆಯಲ್ಲಿ ಹೇಳಬಲ್ಲವರು ಯಾರೂ ಉಳಿದಿಲ್ಲ. ಬೇಟೆ ಇಂದು ಅಪರಾಧ, ಅದು ಹಾಗೆಯೇ ಇರಬೇಕೆಂಬುದೇ ನನ್ನ ಅಭಿಪ್ರಾಯವೂ ಹೌದು. ಆದರೂ ಕೋವಿ ಹಿಡಿದ ಕೈಯೇ ಕೆಲವು ಬೇಟೆಗಳಿಂದ ಹಿಂದೆ ಸರಿದದ್ದಕ್ಕೆ ಕಾರಣ ಏನಿದ್ದೀತು ಎಂಬುದು ನನ್ನನ್ನು ಬಿಡದೆ ಕಾಡುತ್ತಿದೆ. ಮೈಸೂರು, ಮಂಡ್ಯದ ಕಡೆಯ ನಿಮ್ಮ ಹಿರಿಯರಲ್ಲಿ ಇಂಥವರಿದ್ದರೆ ದಯವಿಟ್ಟು ಬರೆಯಿರಿ.

ಕುಕ್ಕರಹಳ್ಳಿ ಕೆರೆ ದಂಡೆ
ಜೀವ ತೆಗೆಯುವುದರಲ್ಲಿ ಇಷ್ಟವಾದದ್ದು, ಇಷ್ಟವಾಗದ್ದು ಎಂಬ ಭೇದವನ್ನು ಹುಡುಕುವುದೇ ನನಗೆ ಒಪ್ಪಿಗೆಯಿಲ್ಲ. ಸತ್ತ ಕಡವೆಗೆ ನಿಮ್ಮ ತಾತನ ನಿಯಮದಿಂದ ಆದ ಉಪಕಾರವೇನು?

ಒಂಟಿಕೊಪ್ಪಲಿನವ
ಸತ್ತ ಕಡವೆಗೆ ಏನೂ ಆಗಲಿಲ್ಲ, ನಿಜ. ‘ಬಿಟ್ಟೆ’ ಎಂದು ಬರೆದ 61 ಪ್ರಾಣಿಗಳಿಗೆ ಆಗಿದೆಯಲ್ಲವೇ?

ನಿವೃತ್ತ ವನಪಾಲಕ, ಹೆಗ್ಗಡದೇವನಕೋಟೆ
ಮಗೂ, ನಿಮ್ಮ ತಾತ ಬರೆದ ಮೂರು ಸಾಲಿನಲ್ಲಿ ಎರಡು ಮುಂದೆ ಕಾನೂನೇ ಆದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮೊದಲು ಬಂದಾಗ ಬೇಟೆಯನ್ನು ಪೂರ್ತಿ ನಿಲ್ಲಿಸಿರಲಿಲ್ಲ, ಕೆಲವು ಪ್ರಾಣಿಗಳಿಗೆ ಪರವಾನಗಿ ಕೊಡುವ ಅವಕಾಶ ಉಳಿದಿತ್ತು. ಆದರೆ ಪರವಾನಗಿ ಪಡೆದವನೂ ಮಾಡಬಾರದ ಬೇಟೆಗಳು ಯಾವುವು ಎಂದು ಅದರ 17ನೆಯ ಸೆಕ್ಷನ್ನಿನಲ್ಲಿ ಬಿಡಿಸಿ ಹೇಳಿದ್ದರು. ವಾಹನದಿಂದ ಹೊಡೆಯಬಾರದು. ವಿಷ, ಸಿಡಿಮದ್ದು, ಬಲೆ, ಉರುಳು, ಗುಂಡಿ ಇವುಗಳಿಂದ ಹಿಡಿಯಬಾರದು. ಬೇಟೆಗಾಗಿ ಕಾಡಿಗೆ ಬೆಂಕಿ ಹಚ್ಚಬಾರದು. ಸೂರ್ಯ ಮುಳುಗಿದ ಮೇಲೆ ಮತ್ತು ದೀಪದ ಬೆಳಕಿನಲ್ಲಿ ಹೊಡೆಯಬಾರದು. ಸೌಳು ನೆಕ್ಕುವ ಜಾಗದಲ್ಲಾಗಲಿ ನೀರಿನ ಬಳಿಯಲ್ಲಾಗಲಿ ಅಲ್ಲಿಗೆ ಹೋಗುವ ಜಾಡಿನಲ್ಲಾಗಲಿ ಕಾದು ಹೊಡೆಯಬಾರದು. ಇವುಗಳಿಗೆ ಕೆಲವು ವಿನಾಯಿತಿಗಳಿದ್ದವು, ನೀರಿನ ಬಳಿ ನೀರುಹಕ್ಕಿ ಹೊಡೆಯುವುದು ಅವುಗಳಲ್ಲೊಂದು. 1991ರ ತಿದ್ದುಪಡಿಯಿಂದ ಪರವಾನಗಿಯ ವ್ಯವಸ್ಥೆಯೇ ಹೋಯಿತು, ಅದರ ಜೊತೆಗೆ ಈ ಪಟ್ಟಿಯೂ ಹೋಯಿತು. ಹಳೆಯ ಬೇಟೆಗಾರರು ತಮ್ಮತಮ್ಮಲ್ಲೇ ಹೇಸುತ್ತಿದ್ದ ಕೆಲಸಗಳೆಲ್ಲ ಅದರಲ್ಲಿದ್ದವೆಂದು ನಾನು ಹೇಳುತ್ತೇನೆ.

ಸೌಳಿನ ಜಾಗದ ಕಾರಣ ನನಗೆ ಗೊತ್ತಿರುವುದು ಇದು. ಮರದ ಮೇಲೆ ಮರಸು, ಅಂದರೆ ಮರೆಯಾಗಿ ಕಾಯುತ್ತಾ, ಕೂತವನಿಗೆ ಕತ್ತಲಿನಲ್ಲಿ ಕಾಣುವುದು ಬೆನ್ನಿನ ಒಂದು ಗೆರೆ ಮಾತ್ರ. ಅಲ್ಲಿಗೆ ಬರುವ ಹಿಂಡಿನಲ್ಲಿ ಹಾಲೂಡುವ ತಾಯಂದಿರು, ಅವುಗಳ ಕಾಲಡಿಯಲ್ಲಿ ಮರಿಗಳು ಇರುತ್ತವೆ. ಯಾವುದಕ್ಕೆ ಗುಂಡು ಬಿತ್ತೆಂದು ಹೊಡೆದವನಿಗೇ ತಿಳಿಯುವುದಿಲ್ಲ. ಪುಸ್ತಕದಲ್ಲಿ ‘ಬಿಟ್ಟೆ’ ಎಂದಿರುವ ಕಡೆ ಮರಿಯ ಮಾತು ಇದೆಯೇ, ನೋಡಿ.

ಮದ್ದೂರಿನ ಮೇಷ್ಟ್ರು
ಬೇಟೆಯ ಬಗ್ಗೆ ಅಳುಕು ನಮ್ಮ ಜಿಲ್ಲೆಯಲ್ಲಿ ಸಾವಿರ ವರ್ಷಕ್ಕೂ ಹಳೆಯದು. ನಮ್ಮ ತಾಲ್ಲೂಕಿನ ಆತಕೂರಿನ ಶಾಸನವನ್ನು ನೆನೆಯಿರಿ. ಕ್ರಿ.ಶ. 949ರ ಸುಮಾರಿನ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನನ್ನು ಒಡೆಯನು ಮೆಚ್ಚಿ ಏನು ಬೇಕೆಂದು ಕೇಳಿದಾಗ, ಅವನು ಊರನ್ನೂ ಹೊನ್ನನ್ನೂ ಬಿಟ್ಟು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಕೆಳಲೆನಾಡಿನ ಬೆಳತೂರಿನ ಬೆಟ್ಟದಲ್ಲಿ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಪೂಜೆಯ ಹೊಣೆ ಹೊತ್ತ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದು ಶಾಸನ ಹೇಳುತ್ತದೆ. ನಾಯಿಯನ್ನು ಕೊಂಡಾಡಲೆಂದೇ ನಿಲ್ಲಿಸಿದ ಕಲ್ಲಿನಲ್ಲಿ ಪಾಪ ಎಂಬ ಮಾತು ಬಂದಿರುವುದನ್ನು ಓದಿದಾಗಲೆಲ್ಲ ನಾನು ಅಲ್ಲಿಯೇ ನಿಲ್ಲುತ್ತೇನೆ. ಆಸಕ್ತರು ಆತಕೂರಿಗೆ ಹೋಗಿ ಕಲ್ಲನ್ನು ನೋಡಬಹುದು.

ಹಳೆಗಲ್ಲು
ಮೇಷ್ಟ್ರೇ, ಕೊನೆಯ ವಾಕ್ಯ ಮಾತ್ರ ಸರಿಯಿಲ್ಲ, ಕ್ಷಮಿಸಿ. ಮೂಲ ಕಲ್ಲು ಇರುವುದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ನಾಯಿ ಮತ್ತು ಹಂದಿ ಎದುರುಬದುರಾಗಿ ಕಾದಾಡುವ ಉಬ್ಬುಚಿತ್ರವನ್ನು ಅಲ್ಲಿಯೇ ನೋಡಬಹುದು.

ಮದ್ದೂರಿನ ಮೇಷ್ಟ್ರು
ತಿದ್ದಿದ್ದಕ್ಕೆ ಧನ್ಯವಾದ. ಊರಿನ ಹೆಸರು ಹೇಳುವ ಅಭಿಮಾನದಲ್ಲಿ ಕಲ್ಲನ್ನೂ ಊರಿಗೇ ತಂದು ನಿಲ್ಲಿಸಿಬಿಟ್ಟೆ.

ಶಿಂಷಾ ದಂಡೆಯವ
ನಾಯಿಬೇಟೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಹುಡುಗನಾಗಿದ್ದಾಗ ಯುಗಾದಿಯ ಮರುದಿನ ನಮ್ಮೂರ ಗಂಡಸರು ದೊಣ್ಣೆ, ಬಲೆ ಹಿಡಿದು ನಾಯಿಗಳನ್ನು ಕರೆದುಕೊಂಡು ಮೊಲದ ಬೇಟೆಗೆ ಹೊರಡುತ್ತಿದ್ದರು. ನಮ್ಮ ಚಿಕ್ಕಪ್ಪನ ಬಳಿ ಕೆಂದ ಬಣ್ಣದ ನಾಯಿಯೊಂದಿತ್ತು, ಅದನ್ನು ಕೆಂಚ ಎಂದು ಕರೆಯುತ್ತಿದ್ದರು. ಒಂದು ವರ್ಷ ಲಂಟಾನದ ಪೊದೆಯಿಂದ ಮೊಲದ ಬದಲು ಒಂಟಿ ಹಂದಿ ಎದ್ದಿತು. ನಾಯಿ ಹಿಂದೆ ಸರಿಯಲಿಲ್ಲ. ಹಂದಿ ತಲೆಯನ್ನು ಒಮ್ಮೆ ಮೇಲಕ್ಕೆ ಒದರಿತು, ಅಷ್ಟೇ. ಕೆಂಚನ ಹೊಟ್ಟೆ ಕುಡುಗೋಲಿನಲ್ಲಿ ಸೀಳಿದಂತೆ ಉದ್ದಕ್ಕೆ ಬಿಚ್ಚಿಕೊಂಡಿತು. ಚಿಕ್ಕಪ್ಪ ತಲೆಯ ಟವಲನ್ನು ಬಿಚ್ಚಿ ಕರುಳನ್ನು ಒಳಕ್ಕೆ ಒತ್ತಿ ಬಿಗಿಯಾಗಿ ಕಟ್ಟಿ, ಹೆಗಲ ಮೇಲೆ ಹೊತ್ತು ಮೂರು ಮೈಲಿ ನಡೆದರು. ನಾನು ಪಕ್ಕದಲ್ಲಿ ಓಡುತ್ತಿದ್ದೆ. ದಾರಿಯುದ್ದಕ್ಕೂ ಆ ನಾಯಿ ಅವರ ಕಿವಿಯನ್ನು ನೆಕ್ಕುತ್ತಿತ್ತು. ಊರ ಬಾವಿಯ ಹತ್ತಿರ ಬರುವಷ್ಟರಲ್ಲಿ ನೆಕ್ಕುವುದು ನಿಂತಿತು.

ಚಿಕ್ಕಪ್ಪ ಆಮೇಲೆಯೂ ಕೋವಿಯವರ ಜೊತೆ ಹೋಗಿದ್ದಾರೆ, ಮಾಂಸ ತಂದಿದ್ದಾರೆ. ನಾಯಿ ಬಿಡುವ ಬೇಟೆಗೆ ಮಾತ್ರ ಯಾರು ಕರೆದರೂ ಹೋಗಲಿಲ್ಲ. ‘ನನ್ನ ಕೆಲಸಕ್ಕೆ ಅದನ್ನು ಕಳಿಸಿ ನಾನು ಹಿಂದೆ ನಿಂತಿದ್ದೆ’ ಎಂದು ಹೇಳುತ್ತಿದ್ದರು.

ಮೊಂಟಾನಾದ ಮೈಸೂರಿಗ
ಸರಸ್ವತಿಪುರಂನಲ್ಲಿ ಬೆಳೆದವನು ನಾನು, ಅಮೆರಿಕದ ಮೊಂಟಾನಾಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಇಲ್ಲಿ ಪರವಾನಗಿ ಪಡೆದು ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಬೇಟೆಯಾಡುತ್ತೇನೆ, ವರ್ಷದ ಮಾಂಸ ಅದರಿಂದಲೇ ಆಗುತ್ತದೆ. ಇಲ್ಲಿಯ ಬೇಟೆಗಾರರಲ್ಲೂ ನಿಮ್ಮ ತಾತನಂಥವರು ಬಹಳ ಮಂದಿ ಇದ್ದಾರೆ. ಎತ್ತರದ ಬೇಲಿಯೊಳಗೆ ಸಾಕಿದ ಪ್ರಾಣಿಯನ್ನು ಹಣ ಕೊಟ್ಟು ಹೊಡೆಯುವುದು ಅಮೆರಿಕದ ಕೆಲವು ರಾಜ್ಯಗಳಲ್ಲಿ ನಡೆಯುತ್ತದೆ. ಮೊಂಟಾನಾದ ಮತದಾರರು 2000ದಲ್ಲಿ ಅದನ್ನು ಮತ ಹಾಕಿ ನಿಲ್ಲಿಸಿದರು, ಹಾಗೆ ಮತ ಹಾಕಿದವರಲ್ಲಿ ಬೇಟೆಗಾರರೂ ಇದ್ದರು. ಮೇವು ಸುರಿದು ಪ್ರಾಣಿಯನ್ನು ಕರೆಸಿಕೊಂಡು ಹೊಡೆಯಲು ಇಲ್ಲಿ ಅನುಮತಿಯಿಲ್ಲ. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದ ಅರ್ಧ ಗಂಟೆಯ ನಂತರದವರೆಗೆ ಮಾತ್ರ ಹೊಡೆಯಬೇಕು, ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಕೊಳೆಯಲು ಬಿಡುವಂತಿಲ್ಲ.

ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಕಟ್ಟಿದ ಕಾಲದಿಂದ ಇಲ್ಲಿ ಒಂದು ಮಾತು ಬೆಳೆದು ಬಂದಿದೆ: ಪ್ರಾಣಿಗೆ ತಪ್ಪಿಸಿಕೊಳ್ಳುವ ದಾರಿ ಇರಬೇಕು. 1902ರಲ್ಲಿ ಅಧ್ಯಕ್ಷರಾಗಿದ್ದಾಗ ಮಿಸಿಸಿಪ್ಪಿಯಲ್ಲಿ ಕರಡಿಯೊಂದನ್ನು ಮರಕ್ಕೆ ಕಟ್ಟಿಹಾಕಿ, ಅವರನ್ನು ಕರೆದು ಹೊಡೆಯಿರಿ ಎಂದಾಗ ಅವರು ಒಪ್ಪದೆ ಅದನ್ನು ಬಿಡಿಸಿ ಕಳಿಸಿದರು. ಮಕ್ಕಳ ಟೆಡ್ಡಿ ಗೊಂಬೆಗೆ ಆ ಹೆಸರು ಬಂದದ್ದು ಹಾಗೆ. ಸೌಳಿನ ಜಾಗವನ್ನು ನಿಮ್ಮ ತಾತ ಬಿಟ್ಟದ್ದಕ್ಕೂ ಇದೇ ಕಾರಣವಿರಬಹುದು. ಉಪ್ಪಿಗಾಗಿ ಬರಲೇಬೇಕಾದ ಪ್ರಾಣಿಯನ್ನು ಅಲ್ಲಿಯೇ ಕಾದು ಕೂತು ಹೊಡೆಯುವುದಕ್ಕೂ ಕಟ್ಟಿಹಾಕಿ ಹೊಡೆಯುವುದಕ್ಕೂ ನನಗೆ ದೂರವೇನೂ ಕಾಣುವುದಿಲ್ಲ.

ಹಳೆಗಲ್ಲು
ಮತ್ತೆ ತಿದ್ದುಪಡಿಗೆ ಬಂದೆ, ಬೇಸರ ಬೇಡ. ರೂಸ್‌ವೆಲ್ಟ್ ಗುಂಡು ಹಾರಿಸಲು ಒಪ್ಪಲಿಲ್ಲ ಎಂಬುದು ನಿಜ, ಆದರೆ ಕರಡಿಯನ್ನು ಬಿಡಿಸಿ ಕಳಿಸಲಿಲ್ಲ. ನಾಯಿಗಳ ಕಡಿತದಿಂದಲೂ ಹೊಡೆತದಿಂದಲೂ ಅದು ಮೊದಲೇ ಜರ್ಜರಿತವಾಗಿತ್ತು. ಅದರ ನರಳಾಟವನ್ನು ಮುಗಿಸಿಬಿಡಿ ಎಂದು ಅವರೇ ಹೇಳಿದರು, ಚಾಕುವಿನಿಂದ ಅದನ್ನು ಕೊಂದರು.

ಪಶುವೈದ್ಯೆ, ಮಂಡ್ಯ
‘ಹಳೆಗಲ್ಲು’ ಅವರು ತಿದ್ದಿದ ಜಾಗದಲ್ಲಿಯೇ ನನ್ನ ತಕರಾರು ಇದೆ. ತಪ್ಪಿಸಿಕೊಳ್ಳುವ ದಾರಿ ಇತ್ತೇ ಇಲ್ಲವೇ ಎಂಬುದು ಬೇಟೆಗಾರನ ಮರ್ಯಾದೆಯ ಪ್ರಶ್ನೆ, ಅದು ಅವನ ಸಮಾಧಾನಕ್ಕೆ ಬೇಕಾದದ್ದು. ಪ್ರಾಣಿಯ ಪಾಲಿಗೆ ಉಳಿಯುವ ಪ್ರಶ್ನೆ ಎಷ್ಟು ಹೊತ್ತು ನರಳಬೇಕು ಎಂಬುದು ಮಾತ್ರ. ಬಯಲಿನಲ್ಲಿ ಓಡುವ ಪ್ರಾಣಿಗೆ ದೂರದಿಂದ ಗುಂಡು ಹಾರಿಸಿದರೆ ನ್ಯಾಯವಾದ ಬೇಟೆ ಎನ್ನಿಸಿಕೊಳ್ಳಬಹುದು, ಆದರೆ ಗುಂಡು ಹೊಟ್ಟೆಗೆ ಬಿದ್ದರೆ ಆ ಪ್ರಾಣಿ ಮರುದಿನದವರೆಗೂ ಸಾಯದೆ ಇರಬಹುದು. ನಾನು ಯಾವ ಬೇಟೆಯನ್ನೂ ಬೆಂಬಲಿಸುವವಳಲ್ಲ. ಒಂದಕ್ಕಿಂತ ಒಂದು ಕೆಟ್ಟದ್ದು ಎಂದು ಹೇಳಲೇಬೇಕಾದರೆ, ನನ್ನ ಅಳತೆಗೋಲು ಆ ಹೊತ್ತು.

ಮೊಂಟಾನಾದ ಮೈಸೂರಿಗ
ತಿದ್ದುಪಡಿಯನ್ನು ಒಪ್ಪಿದೆ. ಡಾಕ್ಟರಮ್ಮನವರ ಮಾತಿಗೂ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಬಿಲ್ಲಿನ ಬೇಟೆ ಕೋವಿಯ ಬೇಟೆಗಿಂತ ಹೆಚ್ಚು ನ್ಯಾಯವೆಂದು ಇಲ್ಲಿ ಎಲ್ಲರೂ ಹೇಳುವುದನ್ನು ಕೇಳಿ ನಾನೂ ಬಿಲ್ಲು ಹಿಡಿದೆ. ಎರಡನೆಯ ವರ್ಷ ನನ್ನ ಬಾಣ ಹೆಣ್ಣು ಎಲ್ಕ್ ಒಂದರ ಭುಜದ ಮೂಳೆಗೆ ತಗುಲಿತು. ನೆಟ್ಟ ಬಾಣದೊಡನೆ ಅದು ಪೈನ್ ಮರಗಳ ನಡುವೆ ಮರೆಯಾಯಿತು. ಅರ್ಧ ಗಂಟೆ ಕಾದು ಜಾಡು ಹಿಡಿದು ಹೊರಟೆ. ರಕ್ತ ಮೊದಲು ಅಂಗೈಯಗಲ, ಆಮೇಲೆ ನಾಣ್ಯದಗಲ, ಆಮೇಲೆ ಹುಲ್ಲಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು. ಎರಡು ದಿನ ಹುಡುಕಿದರೂ ಸಿಕ್ಕಲಿಲ್ಲ. ಬಿಲ್ಲನ್ನು ಮಾರಿದೆ. ನನ್ನ ಗೆಳೆಯನೊಬ್ಬ ಇದಕ್ಕೆ ತದ್ವಿರುದ್ಧ, ಬಿಲ್ಲಲ್ಲದೆ ಬೇರೇನನ್ನೂ ಮುಟ್ಟುವುದಿಲ್ಲ, ನನ್ನ ರೈಫಲನ್ನು ಕಂಡರೆ ಅವನಿಗೆ ಆಗುವುದಿಲ್ಲ.

ಕಬ್ಬಿನ ಗದ್ದೆ, ಮಳವಳ್ಳಿ
ಇಲ್ಲಿಯವರೆಗೆ ಬರೆದವರೆಲ್ಲ ಬೇಟೆಯನ್ನು ಬೇಕೆಂದು ಆಡಿದವರ ಮಾತನ್ನೇ ಬರೆದಿದ್ದೀರಿ. ಬೇಕಿಲ್ಲದಿದ್ದರೂ ಹಂದಿಯ ಎದುರು ನಿಲ್ಲಬೇಕಾದ ನಮ್ಮ ಮಾತನ್ನೂ ಸ್ವಲ್ಪ ಕೇಳಿ. ಎರಡು ಎಕರೆ ಕಬ್ಬು, ಪಕ್ಕದಲ್ಲಿ ಅರ್ಧ ಎಕರೆ ಮುಸುಕಿನ ಜೋಳ. ಹಂದಿಯ ಹಿಂಡು ಒಂದು ರಾತ್ರಿ ನುಗ್ಗಿದರೆ ತಿನ್ನುವುದು ಕಾಲುಭಾಗ, ಉಳಿದದ್ದು ಮಲಗಿಹೋಗುತ್ತದೆ. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ತಗಡು ಬಡಿಯುತ್ತಾ ಕೂತವನಿಗೆ ನ್ಯಾಯದ ಬೇಟೆ, ಅನ್ಯಾಯದ ಬೇಟೆ ಎಂಬ ಮಾತು ದೂರದಿಂದ ಕೇಳಿಸುತ್ತದೆ. ನಮ್ಮ ಕಡೆ ಉರುಳು ಕಟ್ಟಿದವರಿದ್ದಾರೆ, ಮದ್ದು ಇಟ್ಟವರೂ ಇದ್ದಾರೆ. ತಪ್ಪೆಂದು ಅವರಿಗೂ ಗೊತ್ತು, ಜೈಲಿನ ಹೆದರಿಕೆಯೂ ಇದೆ.

ನಿವೃತ್ತ ವನಪಾಲಕ, ಹೆಗ್ಗಡದೇವನಕೋಟೆ
ತಮ್ಮಾ, ನಿನ್ನ ನಷ್ಟವನ್ನು ನಾನು ಹಗುರ ಮಾಡುವುದಿಲ್ಲ, ಇಲಾಖೆಯಲ್ಲಿದ್ದಷ್ಟು ಕಾಲ ಇಂಥ ಹೊಲಗಳನ್ನು ನೋಡಿಕೊಂಡೇ ಬಂದವನು ನಾನು. ಆದರೆ ಉರುಳನ್ನು ಹಂದಿಗೆಂದು ಕಟ್ಟಿದರೆ ಅದಕ್ಕೆ ಹಂದಿಯೇ ಬೀಳುತ್ತದೆ ಎಂಬ ಖಾತ್ರಿಯಿಲ್ಲ. ಮೋಟಾರ್ ಸೈಕಲ್ಲಿನ ಕ್ಲಚ್ ತಂತಿಯ ಉರುಳಿನಲ್ಲಿ ಸೊಂಟ ಸಿಕ್ಕಿಸಿಕೊಂಡ ಚಿರತೆಯನ್ನು ನಾನು ಕಂಡಿದ್ದೇನೆ. ಎಳೆದಷ್ಟೂ ತಂತಿ ಒಳಗೆ ಇಳಿಯುತ್ತದೆ. ಸುತ್ತಲಿನ ನೆಲವನ್ನು ಅದು ಉತ್ತ ಹೊಲದಂತೆ ಮಾಡಿತ್ತು, ಹತ್ತಿರವಿದ್ದ ಗಿಡದ ತೊಗಟೆಯನ್ನೆಲ್ಲ ಕಚ್ಚಿ ಸುಲಿದಿತ್ತು. ಕಟ್ಟಿದವನು ಆ ಹೊತ್ತಿನಲ್ಲಿ ತನ್ನ ಮನೆಯಲ್ಲಿ ಮಲಗಿದ್ದ. ಕೋವಿಯಿಂದ ಹೊಡೆದು ಸಿಕ್ಕಿಬಿದ್ದ ಹಳಬರನ್ನು ಎಷ್ಟೋ ಬಾರಿ ವಿಚಾರಣೆ ಮಾಡಿದ್ದೇನೆ. ಉರುಳಿನ ಮಾತೆತ್ತಿದರೆ ಅವರೇ ಮುಖ ತಿರುಗಿಸುತ್ತಿದ್ದರು. ‘ನಾವು ಅಂಥವರಲ್ಲ ಸ್ವಾಮಿ’ ಎಂದು ಒಬ್ಬ ಅತ್ತೇಬಿಟ್ಟ. ಮೊಕದ್ದಮೆಯನ್ನಂತೂ ನಾನು ಹಾಕಿದೆ.

ಪಶುವೈದ್ಯೆ, ಮಂಡ್ಯ
ಸಿಡಿಮದ್ದಿನ ಬಗ್ಗೆಯೂ ಹೇಳಲೇಬೇಕು. ಹಿಟ್ಟಿನಲ್ಲೋ ಕೋಳಿಯ ಕರುಳಿನಲ್ಲೋ ಸುತ್ತಿಟ್ಟ ಉಂಡೆಯನ್ನು ಕಚ್ಚಿದೊಡನೆ ಅದು ಬಾಯಲ್ಲೇ ಸಿಡಿಯುತ್ತದೆ. ಒಂದು ಬೆಳಗಿನ ಜಾವ ನನ್ನನ್ನು ಕರೆದದ್ದು ಹಂದಿಗಾಗಿ ಅಲ್ಲ, ಬದುವಿನಲ್ಲಿ ಮೇಯುತ್ತಿದ್ದ ಹಸುವಿಗಾಗಿ. ಕೆಳದವಡೆ ಎರಡಾಗಿ ಚರ್ಮದಿಂದ ಜೋತಾಡುತ್ತಿತ್ತು, ನಾಲಿಗೆಯ ಮುಂದಿನ ಅರ್ಧ ಇರಲಿಲ್ಲ. ಅದು ಬಾಯಾರಿ ಬಕೆಟ್ಟಿನ ನೀರಿಗೆ ಮತ್ತೆ ಮತ್ತೆ ಮೂತಿ ಇಡುತ್ತಿತ್ತು, ನೀರು ಒಳಗೆ ಹೋಗದೆ ಕೆಂಪಾಗಿ ಹೊರಗೆ ಸುರಿಯುತ್ತಿತ್ತು. ಹಗ್ಗ ಹಿಡಿದ ಅಜ್ಜಿ ‘ಕುಡಿಯಲು ಬರುವ ಹಾಗೆ ಮಾಡವ್ವ, ಸಾಕು’ ಎಂದು ನನ್ನನ್ನು ಬೇಡಿದರು. ನನ್ನ ಕೈಲಿ ಆಗಲಿಲ್ಲ.

ಕಬ್ಬಿನ ಗದ್ದೆ, ಮಳವಳ್ಳಿ
ಇಂಥದ್ದು ನಮ್ಮ ಊರಿನಲ್ಲೂ ಆಗಿದೆ ಮೇಡಂ. ಆ ಬಳಿಕ ನಮ್ಮ ಓಣಿಯವರು ಮದ್ದಿನ ಸುದ್ದಿಗೆ ಹೋಗಿಲ್ಲ. ನಾನು ಉರುಳನ್ನಾಗಲಿ ಮದ್ದನ್ನಾಗಲಿ ಇಟ್ಟವನಲ್ಲ, ಇಡುವವರ ಕಷ್ಟ ಏನೆಂದು ಹೇಳಿದೆ ಅಷ್ಟೇ. ಪರಿಹಾರದ ಹಣ ಬೇಗ ಬಂದರೆ ಅರ್ಧದಷ್ಟು ಮಂದಿ ತಾವಾಗಿಯೇ ಬಿಡುತ್ತಾರೆ.

ಗಾಳದ ಕೋಲು, ಶ್ರೀರಂಗಪಟ್ಟಣ
ಮೀನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಮ್ಮ ತಂದೆ ಕಾವೇರಿಯಲ್ಲಿ ರಾಗಿ ಮುದ್ದೆಯನ್ನು ಗಾಳಕ್ಕೆ ಮೆತ್ತಿ ಬಿಳಿಮೀನು ಹಿಡಿದವರು. ಬಿಳಿಮೀನೆಂದರೆ ಮಹಶೀರ್. ಮೈಸೂರಿನಲ್ಲಿ ಹುಲಿ, ಚಿರತೆಗಳ ಚರ್ಮ ಹದಮಾಡಿ ಒಳಗೆ ತುಂಬಿ ನಿಲ್ಲಿಸುತ್ತಿದ್ದ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಬಿಳಿಮೀನು ಹಿಡಿದದ್ದು ದಾಖಲೆಯಾಗಿದೆ, ಅಂದರೆ ಸುಮಾರು 54 ಕಿಲೋ. ಗಾಳದವರೆಲ್ಲ ಒಂದಾಗಿ ಹೇಸುತ್ತಿದ್ದದ್ದು ಮಡುವಿಗೆ ಮದ್ದು ಎಸೆಯುವವರನ್ನು. ಸಿಡಿದಾಗ ತೇಲಿಬಂದಷ್ಟು ಮೀನನ್ನು ಬಾಚಿಕೊಳ್ಳುತ್ತಾರೆ. ತಳಕ್ಕೆ ಮುಳುಗಿದ್ದು, ಮರಿ, ಮೊಟ್ಟೆ ಎಲ್ಲ ಅಲ್ಲಿಯೇ ಕೊಳೆಯುತ್ತವೆ. ನಮ್ಮ ಕಾವೇರಿಯ ಬಿಳಿಮೀನು ಈಗ ಅಳಿವಿನ ಅಂಚಿನಲ್ಲಿದೆ.

ನಮ್ಮ ತಂದೆಗೆ ಸೇರದ ಇನ್ನೊಂದು ರೀತಿಯನ್ನು ಹೇಳಿದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಭೀಮೇಶ್ವರಿಯ ಕಡೆ ಹೊರಗಿನವರು ಬಂದು ಮೀನನ್ನು ಹಿಡಿದು, ತೂಗಿ, ಫೋಟೋ ತೆಗೆಸಿಕೊಂಡು ಮತ್ತೆ ನೀರಿಗೆ ಬಿಡುತ್ತಿದ್ದರಲ್ಲ, ಅದು. ಜೀವ ಉಳಿಯಿತಲ್ಲ ಎಂದು ನಾನು ವಾದಿಸುತ್ತಿದ್ದೆ. ‘ಉಣ್ಣುವುದಿಲ್ಲವೆಂದ ಮೇಲೆ ಅದರ ಬಾಯಿಗೆ ಕಬ್ಬಿಣ ಚುಚ್ಚಿ ಒಂದು ಗಂಟೆ ಎಳೆದಾಡುವ ಹಕ್ಕು ನಿನಗೆ ಯಾರು ಕೊಟ್ಟರು?’ ಎಂದು ಕೇಳುತ್ತಿದ್ದರು. ಅಭಯಾರಣ್ಯದೊಳಗೆ ಗಾಳಕ್ಕೆ ತಡೆ ಬಿದ್ದಾಗ ಅವರು ಸಂತೋಷಪಟ್ಟರು, ನನಗೆ ದುಃಖವಾಯಿತು. ಆ ಮೀನಿನ ಆಸೆಗೆ ಬರುತ್ತಿದ್ದ ಹಣದಿಂದಲೇ ನದಿಗೆ ಕಾವಲಿತ್ತು, ಮದ್ದಿನವರು ಹತ್ತಿರ ಸುಳಿಯುತ್ತಿರಲಿಲ್ಲ. ಈ ವಿಷಯದಲ್ಲಿ ನಮ್ಮಿಬ್ಬರಿಗೂ ಕೊನೆಯವರೆಗೆ ಒಮ್ಮತ ಬರಲಿಲ್ಲ.

ಪಶುವೈದ್ಯೆ, ಮಂಡ್ಯ
ನಿಮ್ಮ ತಂದೆಯ ಪಕ್ಷಕ್ಕೆ ನನ್ನದೊಂದು ಮತ.

ಮದ್ದೂರಿನ ಮೇಷ್ಟ್ರು
ಹಳಗನ್ನಡದಲ್ಲಿ ‘ದೀವ’ ಎಂಬ ಮಾತಿದೆ. ಕಾಡುಮೃಗವನ್ನು ಸೆಳೆಯಲು ಪಳಗಿಸಿ ಕಟ್ಟಿದ ಸಾಕುಮೃಗಕ್ಕೆ ಆ ಹೆಸರು. ನಾನು ಚಿಕ್ಕವನಾಗಿದ್ದಾಗ ಗೂಡಿನ ಕೌಜುಗವನ್ನು ಬಯಲಿನಲ್ಲಿಟ್ಟು ಅದರ ಕೂಗಿಗೆ ಬಂದ ಕೌಜುಗಗಳನ್ನು ಬಲೆಯಲ್ಲಿ ಹಿಡಿಯುತ್ತಿದ್ದುದನ್ನು ನೋಡಿದ್ದೇನೆ, ಅದೂ ದೀವದ ಬೇಟೆಯೇ. ಕೋವಿಯಲ್ಲಿ ಎಷ್ಟೋ ಹಕ್ಕಿ ಹೊಡೆದ ನಮ್ಮ ಸೋದರಮಾವ ಇದನ್ನು ಕಂಡರೆ ಎದ್ದು ಹೋಗುತ್ತಿದ್ದರು. ಜೊತೆ ಬೇಕೆಂದು ಬಂದದ್ದನ್ನು ಅದರದೇ ಜಾತಿಯ ದನಿಯಿಂದ ಕೊಲ್ಲುವುದು ಅವರಿಗೆ ಸಹಿಸಲಾಗದ ಮೋಸವಾಗಿತ್ತು. ನಮ್ಮ ಭಾಷೆಯಲ್ಲಿ ಬೇಟವೆಂದರೆ ಪ್ರೀತಿ, ಬೇಟೆಯೆಂದರೆ ಕೊಲೆ, ನಡುವೆ ಒಂದು ಸ್ವರದ ಅಂತರ ಮಾತ್ರ. ದೀವದ ಬೇಟೆಯಲ್ಲಿ ಆ ಅಂತರವೂ ಉಳಿಯುವುದಿಲ್ಲ.

ಮೊಂಟಾನಾದ ಮೈಸೂರಿಗ
ಮೇಷ್ಟ್ರೇ, ನಿಮ್ಮ ಮಾವನವರ ಮುಂದೆ ನಾನು ತಪ್ಪಿತಸ್ಥನಾಗಿ ನಿಲ್ಲಬೇಕಾಗುತ್ತದೆ. ಸೆಪ್ಟೆಂಬರಿನಲ್ಲಿ ಗಂಡು ಎಲ್ಕ್‌ಗಳು ಹೆಣ್ಣಿಗಾಗಿ ಕೂಗುವ ಕಾಲ. ಆಗ ನಾವು ಬಾಯಲ್ಲಿ ಪೀಪಿಯಿಟ್ಟು ಅದೇ ದನಿ ತೆಗೆದು ಅವುಗಳನ್ನು ಹತ್ತಿರಕ್ಕೆ ಕರೆಯುತ್ತೇವೆ. ನನಗೆ ಅತ್ಯಂತ ಪ್ರಿಯವಾದ ಬೇಟೆಯೇ ಅದು. ನನ್ನ ಸಮರ್ಥನೆ ಇಷ್ಟೇ: ಮೂವತ್ತು ಹೆಜ್ಜೆಯವರೆಗೆ ಬಂದು ಪಕ್ಕೆ ತೋರಿಸಿ ನಿಂತ ಪ್ರಾಣಿಗೆ ಹಾಕಿದ ಏಟು ತಪ್ಪುವುದಿಲ್ಲ, ಅದು ನರಳುವುದಿಲ್ಲ. ಡಾಕ್ಟರಮ್ಮನವರ ಅಳತೆಯಲ್ಲಿ ನಾನು ತೇರ್ಗಡೆ, ಮಾವನವರ ಅಳತೆಯಲ್ಲಿ ಮೋಸಗಾರ. ಎರಡೂ ಅಳತೆ ನನಗೆ ಸರಿಯೆಂದೇ ಕಾಣುತ್ತಿದೆ.

ವಿರಾಜಪೇಟೆಯ ಮಗಳು, ಈಗ ಗೋಕುಲಂ
ಕೊಡಗಿನಲ್ಲಿ ಹಿಂದೆ ಊರಿಗೆ ಊರೇ ಸೇರಿ ಕಾಡನ್ನು ಸೋಹಿ ಪ್ರಾಣಿಗಳನ್ನು ಕೋವಿಗಳ ಕಡೆಗೆ ಎಬ್ಬಿಸುತ್ತಿದ್ದ ಬೇಟೆಯ ಕಥೆಗಳನ್ನು ಅಜ್ಜನಿಂದ ಕೇಳಿ ಬೆಳೆದವಳು ನಾನು. ಹೊರಗಿನಿಂದ ನೋಡುವವರಿಗೆ ಅದು ಗದ್ದಲದ, ಪ್ರಾಣಿಗೆ ದಾರಿಯೇ ಬಿಡದ ಬೇಟೆಯೆಂದು ತೋರಬಹುದು. ಆದರೆ ನಮ್ಮವರು ಇಷ್ಟಪಡದಿದ್ದದ್ದು ಒಬ್ಬನೇ ಕದ್ದು ಹೋಗಿ ಹೊಡೆದು ಬರುವ ಬೇಟೆಯನ್ನು. ಎಲ್ಲರೂ ಸೇರಿದ ಬೇಟೆಯಲ್ಲಿ ಎಲ್ಲರಿಗೂ ಪಾಲಿತ್ತು, ಗಾಯಗೊಂಡದ್ದನ್ನು ಹುಡುಕಲು ಐವತ್ತು ಜೊತೆ ಕಾಲುಗಳಿದ್ದವು. ಈಗ ನಮ್ಮಲ್ಲಿ ಕೋವಿಗೆ ಪರವಾನಗಿಯ ವಿನಾಯಿತಿ ಉಳಿದಿದೆ, ಬೇಟೆಗಂತೂ ಇಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ, ನಾನೂ ಎರಡು ಬಾರಿ ಹೊಡೆದಿದ್ದೇನೆ.

ನಿವೃತ್ತ ವನಪಾಲಕ, ಹೆಗ್ಗಡದೇವನಕೋಟೆ
ಸೋಹುವುದೆಂದರೆ ನಮ್ಮ ಕಾಕನಕೋಟೆಯ ಖೆಡ್ಡಾವನ್ನು ಹೇಳದೆ ಬಿಡುವಂತಿಲ್ಲ. 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಬ್ರಿಟಿಷ್ ಅಧಿಕಾರಿ ಮೈಸೂರು ಸೀಮೆಯಲ್ಲಿ ಆನೆ ಹಿಡಿಯಲು ಶುರು ಮಾಡಿದ ಆ ಪದ್ಧತಿ 1971ರವರೆಗೂ ನಡೆಯಿತು. ತಮಟೆ, ಪಂಜು, ಕೂಗು ಇವುಗಳಿಂದ ಹಿಂಡನ್ನು ಕಬಿನಿ ಹೊಳೆಗೆ ಇಳಿಸಿ, ಆಚೆ ದಡದ ಮರದ ಕೋಟೆಯೊಳಗೆ ಅಟ್ಟುತ್ತಿದ್ದರು. ದೊಡ್ಡ ದೊಡ್ಡ ಅತಿಥಿಗಳು ಕೂತು ನೋಡುತ್ತಿದ್ದರು. ನಮ್ಮ ತಂದೆ ಸೋಹುವವರ ಸಾಲಿನಲ್ಲಿದ್ದರು. ಗುಂಡು ಹಾರದ, ರಕ್ತ ಸುರಿಯದ ಬೇಟೆಯಾದರೂ ತಾವು ಮಾಡಿದ್ದರಲ್ಲಿ ಅದನ್ನೊಂದೇ ನೆನೆಯಲು ಅವರು ಇಷ್ಟಪಡುತ್ತಿರಲಿಲ್ಲ. ಕೋಟೆಯ ಬಾಗಿಲು ಬಿದ್ದ ಮೇಲೆ ರಾತ್ರಿ ಹೊರಗಿನಿಂದ ಒಂದು ಆನೆ, ಒಳಗಿನಿಂದ ಒಂದು ಮರಿ ಒಂದನ್ನೊಂದು ಕರೆಯುತ್ತಿದ್ದುದನ್ನು ಅವರು ಒಂದೇ ಬಾರಿ ಹೇಳಿದ್ದಾರೆ. ಆಮೇಲೆ ಕೇಳಿದರೂ ಹೇಳಲಿಲ್ಲ.

ಕುಕ್ಕರಹಳ್ಳಿ ಕೆರೆ ದಂಡೆ
ಮೊದಲು ಬಿರುಸಾಗಿ ಬರೆದಿದ್ದೆ. ಬೇಟೆ ಬೇಡವೆಂಬ ನನ್ನ ಮಾತಿನಲ್ಲಿ ಬದಲಾವಣೆಯಿಲ್ಲ, ಆದರೆ ಈ ಪ್ರಶ್ನೆ ಕೇಳಬಾರದಿತ್ತು ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಕೆರೆಯ ಹಕ್ಕಿಯ ಕಾರಣವನ್ನು ಇನ್ನೂ ಯಾರೂ ಹೇಳಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನವರು ಊರ ಮರಗಳಲ್ಲಿ ಗೂಡು ಕಟ್ಟುವ ಕೊಕ್ಕರೆ, ಹೆಜ್ಜಾರ್ಲೆಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ನಿಮ್ಮ ತಾತನಿಗೂ ಅಂಥ ಭಾವನೆಯೇನಾದರೂ ಇದ್ದೀತೇ?

ಒಂಟಿಕೊಪ್ಪಲಿನವ
ಎಲ್ಲರ ಮಾತನ್ನೂ ಓದಿ ನಿನ್ನೆ ರಾತ್ರಿ ಪುಸ್ತಕವನ್ನು ಮತ್ತೆ ಮೊದಲಿನಿಂದ ನೋಡಿದೆ. ವನಪಾಲಕರು ಹೇಳಿದ್ದು ನಿಜ: ‘ಬಿಟ್ಟೆ’ ಎಂದಿರುವ ಕಡೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಾರಿ ಪಕ್ಕದಲ್ಲಿ ಸಣ್ಣಗೆ ‘ಮರಿ’ ಎಂದೋ ‘ಗಬ್ಬ’ ಎಂದೋ ಬರೆದಿದೆ. ಮೊದಲ ಓದಿನಲ್ಲಿ ಅದನ್ನು ಪ್ರಾಣಿಯ ಹೆಸರಿನ ಭಾಗವೆಂದು ತಿಳಿದು ದಾಟಿಬಿಟ್ಟಿದ್ದೆ.

ಕೆಂಪು ಶಾಯಿಯ ಸಾಲುಗಳನ್ನು ಬೇರೆಯಾಗಿ ಬರೆದುಕೊಂಡೆ, ಒಟ್ಟು ಏಳು. ಅವುಗಳಲ್ಲಿ ನಾಲ್ಕು ಹದಿನಾರು ಎಂಬ ಊರಿನ ಕೆರೆಯಲ್ಲಿ, 1959ರ ಡಿಸೆಂಬರಿನ ಒಂದೇ ದಿನದ್ದು. ಚಳಿಗಾಲಕ್ಕೆ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವ ಕೆರೆ ಅದು. ‘ಬಾತು, ಜೊಂಡಿನಲ್ಲಿ ಬಿತ್ತು, ಸಿಕ್ಕಲಿಲ್ಲ’ ಎಂದು ನಾಲ್ಕು ಬಾರಿ ಬರೆದು ಆ ಪುಟವನ್ನು ಅಲ್ಲಿಗೇ ಬಿಟ್ಟಿದ್ದಾರೆ. ಐದನೆಯದು ರಾತ್ರಿ ದೀಪ ಕಟ್ಟಿ ಹೊಡೆದ ಕಾಡುಕುರಿ, ಆರನೆಯದು ಸೌಳಿನ ಜಾಗದಲ್ಲಿ ಹೊಡೆದ ಕಡವೆ. ಹೀಗೆ ಆರು ಸಾಲುಗಳು ಒಳರಟ್ಟಿನ ಮೂರೂ ಮಾತುಗಳಿಗೆ ಸೇರುತ್ತವೆ. ತಪ್ಪಿಸಿಕೊಳ್ಳುವ ದಾರಿಯ ಮಾತು ತಾತನಿಗೆ ಅಷ್ಟು ಮುಖ್ಯವಾಗಿರಲಿಲ್ಲವೆಂದು ಈಗ ನನಗೆ ತೋರುತ್ತಿದೆ. ಹೊಡೆದದ್ದು ಏನಾಯಿತೆಂದು ತಿಳಿಯದೆ ಮನೆಗೆ ಬರಬೇಕಾದ ಬೇಟೆಯನ್ನು ಅವರು ಒಂದೊಂದಾಗಿ ಬಿಟ್ಟಿದ್ದಾರೆ.

ಏಳನೆಯ ಸಾಲಿನ ತಾರೀಖು 1970ರ ಮಾರ್ಚ್, ಪುಸ್ತಕದ ಕೊನೆಯ ಸಾಲೂ ಅದೇ. ‘ಕಡವೆ, ಹಗಲು, ಮಾಸ್ತಿಗುಡಿ ಬಯಲು, ಮೂರು ದಿನ ಹುಡುಕಿದೆ, ಸಿಕ್ಕಲಿಲ್ಲ.’ ವನಪಾಲಕರೇ, ಈ ಮಾಸ್ತಿಗುಡಿ ಬಯಲು ಎಲ್ಲಿದೆ? ಅಪ್ಪನನ್ನು ಕರೆದುಕೊಂಡು ಹೋಗಿ ಒಮ್ಮೆ ನೋಡಬೇಕೆಂದಿದ್ದೇನೆ.

ನಿವೃತ್ತ ವನಪಾಲಕ, ಹೆಗ್ಗಡದೇವನಕೋಟೆ
ಅದು ಕಾಕನಕೋಟೆಯ ಹಳೆಯ ಮಾಸ್ತಿಗುಡಿ, ಖೆಡ್ಡಾ ನಡೆಯುತ್ತಿದ್ದ ಸೀಮೆಯೇ. ಅಣೆಕಟ್ಟು ಕಟ್ಟಿದ ಮೇಲೆ ಆ ಬಯಲು ಕಬಿನಿಯ ಹಿನ್ನೀರಿನಲ್ಲಿ ಮುಳುಗಿತು, ಮಳೆಗಾಲದಲ್ಲಿ ಹೋದರೆ ಬರೀ ನೀರು ಕಾಣುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಇಳಿದಾಗ ನೆಲ ಹೊರಬಿದ್ದು ಹಸಿರು ಹುಲ್ಲು ಚಿಗುರುತ್ತದೆ, ಆನೆಗಳು ಹಿಂಡು ಹಿಂಡಾಗಿ ಮೇಯಲು ಬರುತ್ತವೆ, ಕಡವೆಯೂ ಇಳಿಯುತ್ತದೆ. ಅಪ್ಪನಿಗೆ ನಡೆಯಲು ಕಷ್ಟವಿದ್ದರೆ ಸಫಾರಿಯ ದೋಣಿಯಲ್ಲಿ ಹೋಗಿ, ದೂರದಿಂದ ಕಾಣುತ್ತದೆ. ಬೆಳಗಿನ ಸರದಿಗಿಂತ ಸಂಜೆಯದೇ ಒಳ್ಳೆಯದು.